ಶಹರ್ಬಾನು ಚೆಲ್ಲಿದ ಬಟ್ಟಲು ನೀರು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ಆರ್.ಟಿ. ನಗರದ ಅಂಚಿನ ದಿಣ್ಣೂರಿನಲ್ಲಿ ಬೀದಿ ನಲ್ಲಿಯ ಮುಂದೆ ಕೊಡಗಳು ಸಾಲು ಹಿಡಿದಿವೆ. ಅಲ್ಲಿಂದ ಮೂರನೇ ಮನೆಯ ಹೊಸ್ತಿಲ ಬಳಿ ಶಹರ್ಬಾನು ಉತ್ತರಕ್ಕೆ ಮುಖ ಮಾಡಿ ಕುಳಿತಿದ್ದಾರೆ. ರಾತ್ರಿ ನೆನೆಹಾಕಿದ್ದ ಅಂಟುವಾಳಕಾಯಿಯನ್ನು ಕಿವುಚಿ ನೊರೆ ಎಬ್ಬಿಸುತ್ತಿದ್ದಾರೆ. ಮುಂದೆ ಬಿಳಿಯ ಪಿಂಗಾಣಿ ಬಟ್ಟಲು, ಪಕ್ಕದಲ್ಲಿ ಮಡಿಸಿದ ತೆಳು ಮಲ್ಲಿನ ಬಟ್ಟೆ, ಆಡಿನ ಕೂದಲಿನ ಸಣ್ಣ ಕುಂಚ, ನಾಲ್ಕು ಜಾಲಿಮುಳ್ಳು. ಎದುರಿನ ಸ್ಟೂಲಿನ ಮೇಲೆ ನಿವೃತ್ತ ಪೋಸ್ಟ್‌ಮಾಸ್ಟರ್ ಹನುಮಯ್ಯನವರ ಹೆಂಡತಿ ಆಕಳಿಸುತ್ತ ಕುಳಿತಿದ್ದಾರೆ. ಅವರ ವಜ್ರದ ಮೂಗುಬೊಟ್ಟು ಬಟ್ಟಲೊಳಗಿದೆ.

"ಆ ಕಡೆ ಈ ಕಡೆ ನೋಡ್ಬೇಡಿ ಅಮ್ಮಾ. ಕಣ್ಣು ಬಟ್ಟಲ ಮೇಲಿರ್ಲಿ," ಎನ್ನುತ್ತಾರೆ ಶಹರ್ಬಾನು.

"ಅಯ್ಯೋ ಬಾನಮ್ಮ, ಹತ್ತೊಂಬತ್ತು ವರ್ಷದಿಂದ ನಿನ್ನ ಕೈಗೇ ಕೊಡ್ತಿದೀನಿ. ನಂಬಿಕೆ ಇಲ್ದೆ ಇರುತ್ತಾ?"

"ನಂಬಿಕೆ ನಿಮ್ಮ ಮನೇಲಿರ್ಲಿ. ನೀವು ನೋಡಿ, ನಂಗೆ ಅಷ್ಟು ಸಾಕು."

ಮಾತು ಒರಟು. ಆದರೆ ಪೋಸ್ಟ್‌ಮಾಸ್ಟರರ ಹೆಂಡತಿ ಬೇಜಾರು ಮಾಡಿಕೊಳ್ಳುವುದಿಲ್ಲ, ಸೆರಗು ಸರಿಪಡಿಸಿಕೊಂಡು ಬಟ್ಟಲನ್ನೇ ನೋಡುತ್ತಾರೆ. ಈ ಒರಟುತನ ಎಲ್ಲಿಂದ ಬಂತೆಂದು ಅವರಿಗೆ ಗೊತ್ತು. ಆರ್.ಟಿ. ನಗರದಿಂದ ಹೆಬ್ಬಾಳದವರೆಗೆ ಕಿವಿಯಲ್ಲಿ, ಮೂಗಿನಲ್ಲಿ ವಜ್ರ ಇಟ್ಟುಕೊಂಡ ಎಲ್ಲರಿಗೂ ಗೊತ್ತಿರಬೇಕಾದ ಕತೆ ಅದು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವವರೇ ಹೆಚ್ಚು.

ಕಾಲು ಗಂಟೆ ನೆನೆದ ಬೊಟ್ಟನ್ನು ಎತ್ತಿ ಶಹರ್ಬಾನು ಹಿಂಬದಿಯ ತೂತಿನಲ್ಲಿ ಗಟ್ಟಿಯಾದ ಜಿಡ್ಡನ್ನು ಜಾಲಿಮುಳ್ಳಿನ ತುದಿಯಿಂದ ಕೆದಕುತ್ತಾರೆ. ಸೂಜಿ ಮುಟ್ಟುವುದಿಲ್ಲ, ಉಕ್ಕು ಚಿನ್ನಕ್ಕೆ ಗೀರು ಹಾಕುತ್ತದೆ. ಕುಂಚದಿಂದ ನಾಲ್ಕು ಸಲ ಉಜ್ಜುತ್ತಾರೆ, ಅದೇ ಬಟ್ಟಲಿನಲ್ಲಿ ಅದ್ದುತ್ತಾರೆ, ಬಟ್ಟೆಯ ಮೇಲಿಟ್ಟು ಒತ್ತುತ್ತಾರೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಲ್ಲು ಸಡಿಲವಾಗಿ ಸದ್ದು ಮಾಡುತ್ತದೆಯೇ ಎಂದು ಕೇಳುತ್ತಾರೆ. ಕೊನೆಗೆ ಬೊಟ್ಟನ್ನು ಯಜಮಾನಿಯ ಮೂಗಿಗೆ ತಾವೇ ತಿರುಗಿಸಿ ಕೂರಿಸಿ, ಬಟ್ಟಲನ್ನು ಅವರ ಮುಖದ ಹತ್ತಿರ ಹಿಡಿಯುತ್ತಾರೆ.

"ನೀರು ಯಾವ ಬಣ್ಣ?"

"ಬರೀ ಕೊಳೆ ಕಣಮ್ಮ. ಸೀಗೆಪುಡಿ, ಎಣ್ಣೆ."

"ಕೊಳೆ ಅಂತ ನೀವೇ ಹೇಳಿದ್ರಿ ಅಲ್ವಾ?" ಎಂದು ಮತ್ತೊಮ್ಮೆ ಕೇಳಿಸಿಕೊಂಡ ಮೇಲೆಯೇ ಬಟ್ಟಲು ಚರಂಡಿಯ ಕಡೆಗೆ ವಾಲುತ್ತದೆ.

ಶಹರ್ಬಾನು ಅವರಿಗೆ ಈಗ, ಅಂದರೆ ಈ ಎಂಬತ್ತಾರನೇ ಇಸವಿಯಲ್ಲಿ, ಐವತ್ತೆರಡು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ವಜ್ರ ತೊಳೆಯುವುದರಲ್ಲೇ ಹೋಗಿದೆ. ಸ್ವಂತಕ್ಕೆ ಅವರ ಕಿವಿಯಲ್ಲಿರುವುದು ಬೆಳ್ಳಿಯ ಒಂದು ಜೊತೆ ಕಡಕು. ಗಂಡ ಲಾಲ್ ಸಾಬ್ ಪೇಟೆಯಲ್ಲಿ ಕಲ್ಲು ಕಟ್ಟುವ ಕೆಲಸದಲ್ಲಿದ್ದವರು, ಅಂದರೆ ಚಿನ್ನದ ಗೂಡಿನಲ್ಲಿ ಹರಳು ಕೂರಿಸುವವರು. ನಲವತ್ತೈದು ದಾಟುವಷ್ಟರಲ್ಲಿ ಅವರ ಕಣ್ಣು ಮಂಜಾಯಿತು. ಈಗ ಒಳಕೋಣೆಯಲ್ಲಿ ಕುಳಿತು ಆಡಿನ ಕೂದಲು ಕಟ್ಟಿ ಹೆಂಡತಿಗೆ ಕುಂಚ ಮಾಡಿಕೊಡುತ್ತಾರೆ. ಕಲ್ಲನ್ನು ಕೆಳತುಟಿಗೆ ಮುಟ್ಟಿಸಿದರೆ ಅದರ ತಂಪಿನ ಮೇಲೆಯೇ ವಜ್ರವೋ ಗಾಜೋ ಹೇಳಬಲ್ಲರು. ಬಣ್ಣ ಮಾತ್ರ ಅವರಿಗೆ ಕಾಣಿಸುವುದಿಲ್ಲ.

ತೊಳೆಯುವ ಕೆಲಸ ಕಲಿಸಿದ್ದು ಅತ್ತೆ ನಜ್ಮುನ್ನೀಸಾ. ಆಕೆ ಅಂಗಡಿ ಕಂಡವರಲ್ಲ, ಮನೆಮನೆಗೆ ಹೋಗಿ ಹಿತ್ತಲ ಜಗಲಿಯಲ್ಲಿ ಕುಳಿತು ತೊಳೆಯುತ್ತಿದ್ದವರು. ಸೊಸೆಗೆ ಮೂರೇ ಮೂರು ಕಟ್ಟಳೆ ಹಾಕಿದ್ದರು. ನೀರಿಗಿಡುವ ಮೊದಲು ಯಜಮಾನಿಯ ಎದುರಿಗೇ ಕಲ್ಲು ಎಣಿಸಬೇಕು. ಎರಡು ಓಲೆಯನ್ನು ಒಟ್ಟಿಗೆ ನೀರಿಗೆ ಹಾಕಬಾರದು, ಒಂದು ಕಿವಿಯದು ಮುಗಿದ ಮೇಲೆ ಇನ್ನೊಂದು. ತೊಳೆದ ನೀರನ್ನು ಯಜಮಾನಿ ಓಲೆ ಹಾಕಿಕೊಂಡು ಸರಿ ಎನ್ನುವ ತನಕ ಚೆಲ್ಲಬಾರದು. ಸಾಸಿವೆಗಿಂತ ಸಣ್ಣ ಕಲ್ಲು ಗೂಡಿನಿಂದ ಜಾರಿದರೂ ಅದು ಬಟ್ಟಲಲ್ಲೇ ಇರಬೇಕು, ತೊಳೆಯುವವಳ ಮಾನವೂ ಅಲ್ಲೇ ಇರಬೇಕು ಎಂಬುದು ಅತ್ತೆಯ ಲೆಕ್ಕ. ಮೂರನೆಯ ಕಟ್ಟಳೆಯನ್ನು ಶಹರ್ಬಾನು ಮೂವತ್ತನಾಲ್ಕು ವರ್ಷದಲ್ಲಿ ಮುರಿದದ್ದು ಒಂದೇ ಸಲ.

ಬೆಳಗಿನ ಈ ಹೊತ್ತೇ ಏಕೆ ಎಂದು ಕೇಳಿದರೆ ಶಹರ್ಬಾನು ಆಕಾಶದ ಕಡೆ ಕೈ ತೋರಿಸುತ್ತಾರೆ. "ಬಿಸಿಲು ಬಿತ್ತು ಅಂದ್ರೆ ಎಲ್ಲಾ ಕಲ್ಲೂ ಥಳಥಳ ಅಂತವೆ. ಕರೆಂಟ್ ಲೈಟಲ್ಲಂತೂ ಕೇಳ್ಲೇಬೇಡಿ. ಕಲ್ಲಿನ ನಿಜವಾದ ಬಣ್ಣ ಕಾಣೋದು ಬಿಸಿಲು ಬರೋಕೆ ಮುಂಚೆ, ಉತ್ತರದ ಬೆಳಕಲ್ಲಿ. ಅಂಗಡಿಯವ್ರು ಹನ್ನೊಂದು ಗಂಟೆಗೆ ಬಾಗಿಲು ತೆಗೆದು ಹತ್ತು ಲೈಟ್ ಹಾಕ್ತಾರಲ್ಲ, ಸುಮ್ನೆ ಹಾಕಲ್ಲ."

ವಜ್ರ ಸವೆಯುವುದಿಲ್ಲ, ಅದಕ್ಕೇನೂ ಆಗುವುದಿಲ್ಲ ಎಂದುಕೊಂಡವರನ್ನು ಕಂಡರೆ ಅವರಿಗೆ ನಗು. ವಜ್ರದಷ್ಟು ಎಣ್ಣೆಬುರುಕ ಕಲ್ಲು ಇನ್ನೊಂದಿಲ್ಲವಂತೆ. ತಲೆಗೆ ಹಚ್ಚಿದ ಹರಳೆಣ್ಣೆ, ಕೆನ್ನೆಯ ಪೌಡರು, ಅರಿಶಿನ ಎಲ್ಲವನ್ನೂ ಎಳೆದುಕೊಂಡು ಬೆನ್ನಿಗೆ ಮೆತ್ತಿಕೊಳ್ಳುತ್ತದೆ. "ಎಣ್ಣೆ ಸ್ನಾನಕ್ಕೆ ಮುಂಚೆ ಬಿಚ್ಚಿಡಿ ಅಂದ್ರೆ ಒಬ್ರೂ ಕೇಳಲ್ಲ. ಎರಡು ವಜ್ರದ ಒಡವೆ ಒಂದೇ ಡಬ್ಬೀಲಿ ಹಾಕ್ಬೇಡಿ, ಒಂದನ್ನೊಂದು ಗೀರ್ತವೆ ಅಂದ್ರೂ ಕೇಳಲ್ಲ. ಮುತ್ತಿನ ಸರಾನೂ ಇದೇ ನೀರಿಗೆ ಹಾಕು ಅಂತಾರೆ. ಮುತ್ತು ಹಾಳಾಗೋಗುತ್ತೆ ಅಂದ್ರೆ, ನಿಂಗೇನ್ ಗೊತ್ತು ಅಂತಾರೆ."

ಈ ಕಡೆ ವಜ್ರ ಹೆಚ್ಚಾದದ್ದು ಭೂಮಿ ಹೋದ ಮೇಲೆ. ಎಪ್ಪತ್ತರ ದಶಕದಲ್ಲಿ ಹೆಬ್ಬಾಳದ ಸುತ್ತಲ ದ್ರಾಕ್ಷಿ ತೋಟಗಳಿಗೆ ಕಲ್ಲು ನೆಟ್ಟು ದಾರ ಎಳೆದು ಸೈಟು ಮಾಡಿದರು. ದುಡ್ಡು ಬಂದವರು ಮೊದಲು ತಾರಸಿ ಮನೆ ಕಟ್ಟಿದರು, ಆಮೇಲೆ ಹೆಂಡತಿಯ ಕಿವಿಗೆ ಏಳು ಕಲ್ಲಿನ ಓಲೆ ತಂದರು. ಎಡಗಿವಿಯಲ್ಲಿ ಮೂವತ್ತು ನಲವತ್ತರ ಒಂದು ಸೈಟು, ಬಲಗಿವಿಯಲ್ಲಿ ಇನ್ನೊಂದು. ಎಂಬತ್ತೆರಡನೇ ಇಸವಿಯ ಹೊತ್ತಿಗೆ ಶಹರ್ಬಾನು ಅರವತ್ತೆರಡು ಮನೆಗಳಿಗೆ ಹೋಗುತ್ತಿದ್ದರು. ದಿನಕ್ಕೆ ಒಂದೇ ಮನೆ, ವರ್ಷಕ್ಕೆ ಮೂರು ಸಲ ಒಂದೊಂದು ಮನೆ, ಹಬ್ಬ ಮದುವೆ ಬಂದರೆ ಮೇಲೆ ಎರಡು ಸುತ್ತು. ಅಷ್ಟು ಮನೆಗಳಲ್ಲಿ ಒಂದು ಕಲ್ಲೂ ಕಳೆದಿರಲಿಲ್ಲ.

ಅರವತ್ತೆರಡನೆಯದು ಹೆಬ್ಬಾಳದ ಆವಲಪ್ಪನವರ ಮನೆ. ತೋಟ ಮಾರಿ ಬಂದದ್ದರಲ್ಲಿ ಆವಲಪ್ಪ ಹೆಂಡತಿ ಗೋಪಾಲಮ್ಮನಿಗೆ ಏಳು ಕಲ್ಲಿನ ಓಲೆ ಮಾಡಿಸಿದ್ದರು. ನೀಲಿ ಛಾಯೆಯ ಬಿಳಿ ಕಲ್ಲು, ವಜ್ರದಲ್ಲೇ ಮೇಲ್ಮಟ್ಟದ್ದು ಎಂದು ಅಂಗಡಿಯವನು ಹೇಳಿದ್ದನಂತೆ. ತೊಳೆಯಬೇಕಾದರೆ ಬೇರೆ ಯಾರ ಕೈಗೂ ಕೊಡಬೇಡಿ, ನನ್ನಲ್ಲಿಗೇ ತನ್ನಿ ಎಂದೂ ಹೇಳಿದ್ದನಂತೆ. ಗೋಪಾಲಮ್ಮ ಮದುವೆ ಮುಂಜಿಗೆ ಹಾಕಿಕೊಂಡು ಬಂದು, ಬಟ್ಟೆಯಲ್ಲಿ ಒರೆಸಿ ಇಟ್ಟುಬಿಡುತ್ತಿದ್ದರು. ಐದು ವರ್ಷ ಆ ಓಲೆ ನೀರು ಕಂಡಿರಲಿಲ್ಲ. ಮಗಳು ಪಟಾಲಮ್ಮನ ನಿಶ್ಚಿತಾರ್ಥಕ್ಕೆ ಓಲೆಯನ್ನು ಅವಳ ಕಿವಿಗೆ ಹಾಕಬೇಕು, ಗಂಡಿನ ಕಡೆಯವರು ನೋಡಬೇಕು. ಪೇಟೆಗೆ ಹೋಗಲು ಪುರುಸೊತ್ತಿಲ್ಲ. ನೆರೆಮನೆಯವರ ಮಾತು ಕೇಳಿ ಗೋಪಾಲಮ್ಮ ಆ ಭಾನುವಾರ ಬೆಳಿಗ್ಗೆ ಶಹರ್ಬಾನು ಅವರಿಗೆ ಹೇಳಿಕಳಿಸಿದರು.

ಹಿತ್ತಲ ಜಗಲಿಯಲ್ಲಿ ಕುಳಿತು ಕಲ್ಲು ಎಣಿಸಿದ್ದಾಯಿತು, ಆಚೆಗೆ ಏಳು, ಈಚೆಗೆ ಏಳು. ಗೋಪಾಲಮ್ಮ ಎಣಿಕೆ ಮುಗಿದೊಡನೆ ಒಳಗೆ ಹೋದರು, ಯಲಹಂಕದಿಂದ ಗಂಡಿನ ಕಡೆಯವರು ಬಂದು ನಡುಮನೆಯಲ್ಲಿ ಕುಳಿತಾಗಿತ್ತು. ಶಹರ್ಬಾನು ಮೊದಲ ಓಲೆಯನ್ನು ಬಟ್ಟಲಿಗೆ ಬಿಟ್ಟರು. ಕಟ್ಟಳೆಯಂತೆ ಎರಡನೆಯದು ಒಣ ಬಟ್ಟೆಯ ಮೇಲೆ ಪಕ್ಕದಲ್ಲೇ ಇತ್ತು. ಹಿಂಬದಿಯ ಏಳು ತೂತಿನಲ್ಲೂ ಎಣ್ಣೆಯ ಜಿಡ್ಡು ಮೇಣದಂತೆ ಕೂತಿತ್ತು. ಒಂದೊಂದಾಗಿ ಬಿಡಿಸಿದರು. ಮೇಲೆತ್ತುವ ಮೊದಲೇ ಬಟ್ಟಲಿನ ನೀರು ಬೇರೆಯಾಗಿತ್ತು.

"ಕೊಳೆ ನೀರಲ್ಲ. ಶಾಯಿ ಪೆನ್ನು ತೊಳೆದ ನೀರು ಇರುತ್ತಲ್ಲ, ಅಂಥದ್ದು. ತೆಳುವಾಗಿ ನೀಲಿ," ಎನ್ನುತ್ತಾರೆ ಅವರು. "ಓಲೆ ಎತ್ತಿ ನೋಡ್ದೆ. ಏಳೂ ಕಲ್ಲು ಹಳದಿ. ಹೊಳೀತಾ ಇದೆ, ವಜ್ರಾನೇ, ಆದ್ರೆ ತುಪ್ಪದ ಬಣ್ಣ."

ಏನಾಗಿದೆ ಎಂದು ತಿಳಿಯಲು ಅವರಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಕಲ್ಲು ಕಟ್ಟುವವನ ಹೆಂಡತಿ ಆಕೆ. ಕಡಿಮೆ ಬೆಲೆಯ ಹಳದಿ ವಜ್ರದ ಬೆನ್ನಿಗೆ ನೀಲಿಯ ಒಂದು ತೆಳು ಲೇಪ ಹಚ್ಚಿದರೆ ಹಳದಿ ಅಡಗಿ ಬಿಳುಪು ಕಾಣುತ್ತದೆ. ಪೇಟೆಯ ಹಳೆಯ ಮೋಸ ಅದು. ಐದು ವರ್ಷ ಎಣ್ಣೆಯ ಜಿಡ್ಡೇ ಆ ನೀಲಿಯನ್ನು ಕಾಪಾಡಿತ್ತು. ಆವಲಪ್ಪ ದ್ರಾಕ್ಷಿ ತೋಟ ಕೊಟ್ಟು ಬಣ್ಣ ಬಳಿದ ಕಲ್ಲು ತಂದಿದ್ದರು.

ಬಟ್ಟಲು ಮುಂದಿತ್ತು, ನೀಲಿ ನೀರು ಅದರಲ್ಲಿತ್ತು. ಗೋಪಾಲಮ್ಮನನ್ನು ಕೂಗಿ, ನೋಡಿ ಅಮ್ಮಾವ್ರೆ ಎಂದು ತೋರಿಸಬೇಕಿತ್ತು. ಅತ್ತೆ ಕಲಿಸಿದ್ದೇ ಅದಕ್ಕೆ. ಆದರೆ ನಡುಮನೆಯಿಂದ ತಾಂಬೂಲದ ತಟ್ಟೆ ಹೊರಡುವ ಸದ್ದು ಕೇಳುತ್ತಿತ್ತು. ಕೂಗಿದರೆ ಗೋಪಾಲಮ್ಮ ಒಬ್ಬರೇ ಬರುವುದಿಲ್ಲ, ಬೀಗರೂ ಎದ್ದು ಬರುತ್ತಾರೆ. ಹೆಣ್ಣಿನ ಮನೆಯವರ ಓಲೆ ಮೋಸದ್ದಂತೆ ಎಂಬ ಮಾತು ಯಲಹಂಕದ ತನಕ ಹೋಗುತ್ತದೆ. ಊಟವೆಲ್ಲ ಮುಗಿದ ಮೇಲೆ ಗೋಪಾಲಮ್ಮನ ಕಿವಿಯಲ್ಲಿ ಹೇಳೋಣ, ಈಗ ಈ ನೀರು ಯಾರ ಕಣ್ಣಿಗೂ ಬೀಳುವುದು ಬೇಡ ಎಂದುಕೊಂಡು ಶಹರ್ಬಾನು ಎದ್ದರು. ಬಟ್ಟಲು ನೀರನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಚೆಲ್ಲಿಬಿಟ್ಟರು.

ಇಡೀ ಕತೆಯಲ್ಲಿ ಆಕೆ ಮಾಡಿದ ತಪ್ಪು ಇದೊಂದೇ. ತನ್ನದಲ್ಲದ ಮನೆಯ ಮಾನ ಉಳಿಸಲು ಹೋಗಿ, ತನ್ನ ಮಾನ ಉಳಿಸಬಹುದಾಗಿದ್ದ, ಮುಂದಿದ್ದ ಒಂದೇ ಸಾಕ್ಷಿಯನ್ನು ಕೈಯಾರೆ ಮಣ್ಣುಪಾಲು ಮಾಡಿದರು.

ಬಟ್ಟಲು ಖಾಲಿ ಮಾಡಿಕೊಂಡು ತಿರುಗುವಷ್ಟರಲ್ಲಿ ಗೋಪಾಲಮ್ಮ ಜಗಲಿಯಲ್ಲಿದ್ದರು. ಬಟ್ಟೆಯ ಮೇಲೆ ಎರಡು ಓಲೆ. ತೊಳೆಯದ್ದು ಮಂಕಾಗಿದ್ದರೂ ಬಿಳಿ, ತೊಳೆದದ್ದು ಹೊಳೆಯುತ್ತಿದ್ದರೂ ಹಳದಿ.

"ಅಯ್ಯಯ್ಯೋ, ಕಲ್ಲು ಬದಲಾಯಿಸ್ಬುಟ್ಳು ಕಣ್ರೀ ಈ ಬೂಬಮ್ಮ! ಬನ್ರೀ ಇಲ್ಲಿ!"

ಯಾರನ್ನು ಎಬ್ಬಿಸಬಾರದು ಎಂದು ಶಹರ್ಬಾನು ನೀರು ಚೆಲ್ಲಿದ್ದರೋ ಅವರೆಲ್ಲ ಎದ್ದು ಬಂದರು. ಅವರ ಜೊತೆ ಓಲೆ ಮಾರಿದ ಅಂಗಡಿಯವನೂ ಬಂದ. ಆವಲಪ್ಪ ಅವನನ್ನು ಅಕ್ಕರೆಯಿಂದ ಊಟಕ್ಕೆ ಕರೆದಿದ್ದರು. ಅವನು ಹಳದಿ ಓಲೆಯನ್ನು ಬೆಳಕಿಗೆ ಹಿಡಿದು, "ಇದು ನಾನು ಕೊಟ್ಟ ಕಲ್ಲೇ ಅಲ್ಲ" ಎಂದ. ಅವನಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದು, ಹೊಟ್ಟೆ ತುಂಬ ಊಟ ಮಾಡಲು ಬಂದ ಮನೆಯಲ್ಲಿ ನಿಂತು, ಒಬ್ಬ ಬಡ ಹೆಂಗಸಿನ ತಲೆಗೆ ಅದನ್ನು ಕಟ್ಟಿದ.

ಶಹರ್ಬಾನು ಕೈ ಮುಗಿದರು. "ಇನ್ನೊಂದನ್ನ ಕೊಡಿ ಅಮ್ಮಾವ್ರೆ. ನಿಮ್ಮೆಲ್ಲರ ಎದುರಿಗೇ ತೊಳೀತೀನಿ. ಅದೂ ಹಳದಿ ಆಗುತ್ತೆ, ನೀರು ನೀಲಿ ಆಗುತ್ತೆ. ಆಗದಿದ್ರೆ ನನ್ನ ಕೈ ಕಡೀರಿ."

"ಒಂದು ಕಿವಿ ಹೋಯ್ತಲ್ಲಾ, ಇನ್ನೊಂದನ್ನೂ ಅವಳ ಕೈಗೇ ಕೊಡ್ತೀರಾ?" ಎಂದ ಅಂಗಡಿಯವನು.

ಯಾರೂ ಕೊಡಲಿಲ್ಲ. ಹದಿನೈದು ಜನ ನಿಂತಿದ್ದರು. ಒಂದು ಬಟ್ಟಲು ನೀರು, ಕಾಲು ಗಂಟೆ ಹೊತ್ತು, ಅಷ್ಟರಲ್ಲಿ ನಿಜ ತಿಳಿಯುತ್ತಿತ್ತು. ಒಬ್ಬರಿಗೂ ಆ ಕಾಲು ಗಂಟೆ ಇರಲಿಲ್ಲ. ಬಚ್ಚಲುಮನೆಗೆ ಕರೆದುಕೊಂಡು ಹೋಗಿ ಸೀರೆ ಬಿಚ್ಚಿಸಿ ಹುಡುಕಿದರು. ಜಡೆ ಬಿಚ್ಚಿದರು, ಬಾಯಿ ತೆರೆಸಿದರು. ಆಮೇಲೆ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಸಂಜೆಯ ತನಕ ಕೂರಿಸಿದರು. ಏನೂ ಸಿಗದೆ ಬಿಟ್ಟು ಕಳಿಸಿದರು. ಏನೂ ಸಿಗಲಿಲ್ಲ ಎಂಬ ಮಾತನ್ನು ಯಾರೂ ಊರಿಗೆ ಹೇಳಲಿಲ್ಲ. ಬೀಗರಿಗೆ ಹೆಣ್ಣಿನ ಮನೆಯವರ ಮೇಲೆ ಕನಿಕರ ಹುಟ್ಟಿ ಮದುವೆ ಸಲೀಸಾಗಿ ನಡೆಯಿತು.

ಅರವತ್ತೆರಡು ಮನೆ ಒಂದೇ ತಿಂಗಳಲ್ಲಿ ಏಳಾಯಿತು. ಹೋದ ಕಡೆ, ಈಗ ಬೇಡ ಹೋಗಮ್ಮ ಎಂದು ಕಿಟಕಿಯಿಂದಲೇ ಹೇಳುತ್ತಿದ್ದರು. ಶಹರ್ಬಾನು ಕಟ್ಟಡ ಕೆಲಸದಲ್ಲಿ ಜಲ್ಲಿ ಹೊತ್ತರು, ಊದುಬತ್ತಿ ಹೊಸೆದರು. ಆದರೆ ಬಟ್ಟಲು ಮುಚ್ಚಿಡಲಿಲ್ಲ. ಉಳಿದ ಏಳು ಮನೆಯವರಿಗೆ ಹೊಸ ಕಟ್ಟಳೆ ಹಾಕಿದರು. ಇನ್ನು ನಾನು ನಿಮ್ಮ ಹಿತ್ತಲಿಗೆ ಬರುವುದಿಲ್ಲ, ನೀವೇ ಬೆಳಿಗ್ಗೆ ಬಂದು ನನ್ನ ಎದುರಿಗೆ ಕುಳಿತು ನೀರು ನೋಡಬೇಕು. ಒಪ್ಪಿದವರು ಬಂದರು.

ಠಾಣೆಗಿಂತ ಹೆಚ್ಚು ನೋವಾದದ್ದು ಇನ್ನೊಂದು ಮಾತಿಗೆ. ಅದನ್ನು ಹೇಳುವಾಗ ಶಹರ್ಬಾನು ಒಳಕೋಣೆಯ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಅವತ್ತು ಮನೆಗೆ ಬಂದ್ಮೇಲೆ ಇವ್ರೂ ಕೇಳಿದ್ರು. ನಿಜ ಹೇಳು, ತಗೊಂಡ್ಯಾ ಅಂತ. ಒಂದೇ ಸಲ ಕೇಳಿದ್ರು, ಮತ್ತೆ ಯಾವತ್ತೂ ಕೇಳ್ಲಿಲ್ಲ. ಆದ್ರೂ ಕೇಳಿದ್ರಲ್ಲ."

ನಾಲ್ಕು ವರ್ಷ ಅವರು ನಂಬಿಕೊಂಡಿದ್ದದ್ದು ಒಂದನ್ನೇ. ಆ ಇನ್ನೊಂದು ಓಲೆ ಹೆಬ್ಬಾಳದ ಆ ಮನೆಯ ಬೀರುವಿನಲ್ಲಿ ತೊಳೆಯದೆ ಇದೆ, ಅದರ ಬೆನ್ನಿನ ನೀಲಿ ಹಾಗೇ ಇದೆ. ಯಾವತ್ತಾದರೂ ಯಾರಾದರೂ ಅದನ್ನು ನೀರಿಗೆ ಹಾಕುತ್ತಾರೆ, ಆವತ್ತು ನಾನು ಅಲ್ಲಿರಬೇಕು ಎಂದು ಪ್ರತಿ ಬೆಳಿಗ್ಗೆ ನೊರೆ ಎಬ್ಬಿಸುವಾಗ ಅಂದುಕೊಳ್ಳುತ್ತಿದ್ದರು.

ಹೋದ ತಿಂಗಳು ಒಂದು ಬೆಳಿಗ್ಗೆ ಹೊಸ್ತಿಲ ಮುಂದೆ ಬಂದು ನಿಂತದ್ದು ಪಟಾಲಮ್ಮ. ಅವತ್ತು ನಿಶ್ಚಿತಾರ್ಥದ ಹುಡುಗಿಯಾಗಿ ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದವಳು. ಅಪ್ಪ ಆವಲಪ್ಪ ತೀರಿಕೊಂಡು ವರ್ಷವಾಗಿತ್ತು. ಅಮ್ಮ ಓಲೆಯ ಡಬ್ಬಿಯನ್ನು ಹಿಂದಿನ ದಿನವಷ್ಟೇ ಕೈಗಿಟ್ಟು, ಬೀರುವಿನಲ್ಲಿಡು, ಹಾಕಿಕೊಳ್ಳಬೇಡ ಎಂದಿದ್ದಳು. ಮಗಳು ಡಬ್ಬಿಯನ್ನು ಬಿಚ್ಚಿಯೂ ನೋಡದೆ ಯಲಹಂಕದಿಂದ ಮೊದಲ ಬಸ್ಸಿಗೆ ಹೊರಟು ಬಂದಿದ್ದಳು.

"ಇನ್ನೊಂದನ್ನ ಕೊಡಿ ಅಂತ ಅವತ್ತು ಕೈ ಮುಗಿದ್ರಲ್ಲ ಬಾನಮ್ಮ, ಅದು ನನ್ನ ಕಿವೀಲಿ ಹಂಗೇ ಉಳ್ಕೊಂಡಿದೆ. ಕೊಡಮ್ಮ ಅಂತ ನಾನಾದ್ರೂ ಹೇಳ್ಬೋದಿತ್ತು. ಹೇಳ್ಲಿಲ್ಲ. ಈಗ ತೊಳೀರಿ. ನಾನು ನೋಡ್ತೀನಿ."

ಶಹರ್ಬಾನು ಅಕ್ಕಪಕ್ಕದವರನ್ನು ಕರೆದರು. ನಲ್ಲಿಯ ಮುಂದೆ ಇದ್ದವರು ಕೊಡ ಬಿಟ್ಟು ಬಂದರು. ಬಟ್ಟಲಿಗೆ ನೊರೆ ನೀರು ತುಂಬಿಸಿ, ಕೈ ಒರೆಸಿಕೊಂಡು, ಬಿಸಿಲು ಬರುವ ಮುಂಚಿನ ಆ ಬೆಳಕಿನಲ್ಲಿ ಡಬ್ಬಿ ತೆರೆದರು. ಎರಡು ಓಲೆಯನ್ನೂ ಮಲ್ಲಿನ ಬಟ್ಟೆಯ ಮೇಲಿಟ್ಟರು. ನೋಡಿದರು, ಎತ್ತಿ ತಿರುಗಿಸಿ ಬೆನ್ನು ನೋಡಿದರು. ಬಟ್ಟಲನ್ನು ಪಕ್ಕಕ್ಕೆ ಸರಿಸಿಬಿಟ್ಟರು.

"ಇದನ್ನ ತೊಳೆಯೋದೇನೂ ಉಳಿದಿಲ್ಲ ಪಟಾಲಮ್ಮ. ಯಾರೋ ಆಗ್ಲೇ ತೊಳೆದಿದ್ದಾರೆ."

ಎರಡು ಓಲೆಯೂ ಹಳದಿ. ಹದಿನಾಲ್ಕು ಕಲ್ಲೂ ಒಂದೇ ತುಪ್ಪದ ಬಣ್ಣ. ಅವತ್ತು ಹದಿನೈದು ಜನರ ಎದುರಿಗೆ ಬಿಳಿಯಾಗಿದ್ದ ಓಲೆ, ಶಹರ್ಬಾನು ಬೆರಳು ಸೋಕದ ಓಲೆ, ಬೀರುವಿನೊಳಗೆ ಕೂತು ತಾನಾಗಿ ಹಳದಿಯಾಗುವುದಿಲ್ಲ. ಪಟಾಲಮ್ಮ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ನಿಶ್ಚಿತಾರ್ಥವಾದ ವಾರವೇ ಅಮ್ಮ ಎಂದೂ ಇಲ್ಲದ್ದು ಅಂಗಡಿಯಿಂದ ಅಂಟುವಾಳ ತರಿಸಿದ್ದು, ಬಚ್ಚಲ ಬಾಗಿಲು ಹಾಕಿಕೊಂಡದ್ದು, ಬಚ್ಚಲ ಹಾಸುಗಲ್ಲಿನ ಮೇಲೆ ನೊರೆ ಉಳಿದಿದ್ದದ್ದು ಅವಳಿಗೆ ಆಗ ನೆನಪಾಯಿತು.

ಅಂದರೆ ಗೋಪಾಲಮ್ಮನಿಗೆ ಒಂದೇ ವಾರದಲ್ಲಿ ನಿಜ ತಿಳಿದಿತ್ತು. ನೀಲಿ ನೀರನ್ನು ಕಣ್ಣಾರೆ ಕಂಡಿದ್ದರು. ಕಂಡು, ಚೆಲ್ಲಿ, ಓಲೆ ಒರೆಸಿ ಬೀಗ ಹಾಕಿ, ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡಿದ್ದರು. ತಿಳಿಯದೆ ಕಳ್ಳಿ ಎಂದವರನ್ನು ಕ್ಷಮಿಸಬಹುದು. ತಿಳಿದ ಮೇಲೂ ಆಕೆಯನ್ನು ಕಳ್ಳಿಯಾಗಿಯೇ ಇರಲು ಬಿಟ್ಟವರಿಗೆ ಏನೆನ್ನಬೇಕು?

ಒಳಕೋಣೆಯಿಂದ ಲಾಲ್ ಸಾಬ್ ಗೋಡೆ ಹಿಡಿದುಕೊಂಡು ಬಂದರು. ಬಣ್ಣ ಕಾಣದ ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ, ಮಾತೆಲ್ಲ ಕೇಳಿಸಿತ್ತು. ತಡಕಾಡಿ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, "ನಾನೂ ಕೇಳಿದ್ದೆ" ಎಂದಷ್ಟೇ ಹೇಳಿ ಅತ್ತರು. ಶಹರ್ಬಾನು ಅಳಲಿಲ್ಲ. ಎರಡು ಓಲೆಯನ್ನೂ ಪಟಾಲಮ್ಮನ ಕಿವಿಗೆ ಹಾಕಿದರು.

"ಏಳು. ನಿಮ್ಮಮ್ಮನ ಮನೆಗೆ ಹೋಗೋಣ. ಮುಂಬಾಗಿಲಿಂದ."

ಹೆಬ್ಬಾಳದ ಆ ಮನೆಯ ನಡುಮನೆಗೆ ಶಹರ್ಬಾನು ಕಾಲಿಟ್ಟದ್ದು ಅದೇ ಮೊದಲು. ಗೋಪಾಲಮ್ಮ ಮಗಳ ಕಿವಿ ನೋಡಿದರು, ಪಕ್ಕದಲ್ಲಿದ್ದವರನ್ನು ನೋಡಿದರು, ಸೋಫಾದ ಮೇಲೆ ಕುಳಿತರು. ಆಮೇಲೆ, "ಕುಂತ್ಕೋ ಬೂಬಮ್ಮ, ಕಾಪಿ ಕುಡಿ. ಆಗಿದ್ದು ಆಗೋಯ್ತು" ಎಂದರು.

"ಕಾಫಿ ಬೇಡ ಅಮ್ಮಾವ್ರೆ. ಯಾಕೆ ಹೇಳ್ಲಿಲ್ಲ, ಅಷ್ಟು ಹೇಳಿ."

"ಎಂಗೇಳಲಿ? ತ್ವಾಟ ಮಾರಿದ ದುಡ್ಡು ಅದು. ಯಜಮಾನ್ರಿಗೆ ಗೊತ್ತಾಗಿದ್ರೆ ಎದೆ ಒಡ್ಕಂಡು ಸಾಯ್ತಿದ್ರು. ಬೀಗರ ಮುಂದೆ ನಾವು ಪೆದ್ದರಾಗ್ತಿದ್ವಿ. ಇಂಗೆ ಮೋಸ ಓದ್ವಿ ಅಂತ ಊರೆಲ್ಲಾ ಆಡ್ಕಳೋರು." ಗೋಪಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸುಳ್ಳಿಲ್ಲದೆ, ನಿಜವಾಗಿ ತಿಳಿಯದವರ ಹಾಗೆ ಕೇಳಿದರು. "ನೀನು ಕದ್ದೆ ಅಂದ್ರೆ, ನಿಂದೇನು ಓಯ್ತಿತ್ತು?"

ಆ ಮಾತಿಗೆ ಪಟಾಲಮ್ಮ ಎದ್ದು ಕೂಗಾಡಿದಳಂತೆ. ಶಹರ್ಬಾನು ಕೂಗಲಿಲ್ಲ. ಅವರಿಗೆ ಹೊಡೆಯುವಷ್ಟು ಸಿಟ್ಟು ಬಂದಿತ್ತು, ಅದನ್ನು ಅವರು ಮುಚ್ಚಿಡುವು‌ದೂ ಇಲ್ಲ. ಬೆರಳು ಮಡಚುತ್ತ ಮನೆಗಳ ಹೆಸರು ಹೇಳತೊಡಗಿದರು. ಗಂಗೇನಹಳ್ಳಿಯಲ್ಲಿ ಒಂಬತ್ತು, ಆನಂದಪ್ಪನವರ ಮನೆಯಿಂದ ಹಿಡಿದು. ಚೋಳನಾಯಕನಹಳ್ಳಿಯಲ್ಲಿ ಹನ್ನೊಂದು. ಆರ್.ಟಿ. ನಗರದಲ್ಲಿ ಇಪ್ಪತ್ತಮೂರು. ಇದೇ ಹೆಬ್ಬಾಳದಲ್ಲಿ ಹನ್ನೆರಡು. ಐವತ್ತೈದು ಮನೆಯ ಹೆಸರು ಮುಗಿಯುವ ತನಕ ಗೋಪಾಲಮ್ಮ ನೆಲ ನೋಡುತ್ತ ಕೇಳಬೇಕಾಯಿತು.

"ಇಷ್ಟು ಹೋಯ್ತು ಅಮ್ಮಾವ್ರೆ," ಎಂದು ಹೇಳಿ ಶಹರ್ಬಾನು ಬಂದ ಬಾಗಿಲಿನಿಂದಲೇ ಹೊರಬಂದರು.

ಗೋಪಾಲಮ್ಮ ಇವತ್ತಿನವರೆಗೂ ತಪ್ಪಾಯಿತು ಎಂದಿಲ್ಲ. ಓಲೆ ಮಾರಿದವನ ಅಂಗಡಿಯಲ್ಲಿ ಇವತ್ತೂ ಹತ್ತು ಲೈಟು ಉರಿಯುತ್ತಿವೆ. ಅವನ ಮೇಲೆ ದೂರು ಕೊಡಲು ಆ ಮನೆಯವರಿಗೆ ಮನಸ್ಸಿಲ್ಲ, ಅವರು ಕೊಡದಿದ್ದರೆ ಬೇರೆ ಯಾರ ಮಾತೂ ನಡೆಯುವುದಿಲ್ಲ. ಆದರೆ ಪಟಾಲಮ್ಮ ಹಳದಿ ಓಲೆಯನ್ನು ಬಿಚ್ಚಿಲ್ಲ. ಮದುವೆ, ನಾಮಕರಣ ಎಲ್ಲಿ ಹೋದರೂ ಹಾಕಿಕೊಂಡು ಹೋಗುತ್ತಾಳೆ. ಕಲ್ಲಿನ ಬಣ್ಣ ನೋಡಿ ಯಾರಾದರೂ ಹುಬ್ಬೇರಿಸಿದರೆ, ಹೇಗೆ ಮೋಸ ಹೋದೆವು, ಯಾರನ್ನು ಕಳ್ಳಿ ಎಂದೆವು ಎಂದು ಪೂರ್ತಿ ಹೇಳುತ್ತಾಳೆ. ಒಂದು ತಿಂಗಳಲ್ಲಿ ಒಂಬತ್ತು ಮನೆಯವರು ದಿಣ್ಣೂರಿನ ಹೊಸ್ತಿಲಿಗೆ ಬಂದಿದ್ದಾರೆ. ಕೆಲವರು ತಲೆ ತಗ್ಗಿಸಿ ಬಂದರು, ಕೆಲವರು ಏನೂ ಆಗಿಲ್ಲದವರ ಹಾಗೆ ಬಂದರು. ಎಲ್ಲರಿಗೂ ಅದೇ ಸ್ಟೂಲು, ಅದೇ ಬಟ್ಟಲು.

ಪೋಸ್ಟ್‌ಮಾಸ್ಟರರ ಹೆಂಡತಿ ಹೊಳೆಯುವ ಮೂಗಿನೊಂದಿಗೆ ಎದ್ದು ಹೋಗಿದ್ದಾರೆ. ಓಣಿಗೆ ಬಿಸಿಲು ಬರುತ್ತಿದೆ, ಇವತ್ತಿನ ಕೆಲಸ ಮುಗಿಯಿತು. ಗೋಪಾಲಮ್ಮ ಬಂದು ಕ್ಷಮೆ ಕೇಳಬೇಕೆಂದು ಆಸೆಯಿದೆಯೇ ಎಂದರೆ ಶಹರ್ಬಾನು ಬಟ್ಟಲು ಒರೆಸುತ್ತ ತಲೆಯಾಡಿಸುತ್ತಾರೆ.

"ಕ್ಷಮೆ ತಗೊಂಡು ಏನ್ ಮಾಡ್ಲಿ? ಉಳಿದ ಮನೆಯವ್ರೂ ಬರ್ಲಿ, ಕೂತ್ಕೊಂಡು ನೀರು ನೋಡ್ಲಿ. ಅಷ್ಟೇ. ಆ ಮನೆ ಮಾನ ಉಳೀಲಿ ಅಂತ ಒಂದ್ಸಲ ಯಾರಿಗೂ ತೋರಿಸ್ದೆ ಚೆಲ್ದೆ. ಇನ್ನು ಯಾರ ಮಾನಕ್ಕೂ ಚೆಲ್ಲಲ್ಲ."